ರುಕ್ಮವ್ವ ಎರಡು ದಿನ ಕಸ ಗುಡಿಸಿದ್ದು

ರುಕ್ಮವ್ವ ಮೈಗಳ್ಳಿ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಂಡಿಯಿಂದ ದೇವರ ಹಿಪ್ಪರಗಿಗೆ ಹೋಗುವ ದಾರಿಯಲ್ಲಿ, ಕಾಲುವೆ ತೋಡುವಾಗ ಎಂಜಿನಿಯರುಗಳು ಕಟ್ಟಿಕೊಂಡಿದ್ದ ಹಳೆಯ ಕ್ಯಾಂಪೊಂದಿದೆ. ಕಾಲುವೆ ಮುಗಿಯಿತು, ಎಂಜಿನಿಯರುಗಳು ಗಂಟುಮೂಟೆ ಕಟ್ಟಿದರು, ಅವರ ಹೆಂಡಂದಿರು ಸಂಜೆ ಅಡ್ಡಾಡಲೆಂದು ಮಾಡಿಸಿದ್ದ ಮೂರೆಕರೆ ಉದ್ಯಾನ ಹಿಂದೆ ಉಳಿಯಿತು. ಇಲಾಖೆ ಅದನ್ನು ಸಾರ್ವಜನಿಕರಿಗೆ ಬಿಟ್ಟಿತು. ಸಾರ್ವಜನಿಕರು ಅತ್ತ ತಲೆ ಕೂಡ ಹಾಕಲಿಲ್ಲ. ಮಾಲಿಯಾಗಿದ್ದ ಗಂಡ ತೀರಿಕೊಂಡ ಮೇಲೆ ಆ ಕೆಲಸ ರುಕ್ಮವ್ವನಿಗೆ ಬಂತು. ಅಲ್ಲಿಂದ ಇಪ್ಪತ್ತೆರಡು ವರ್ಷ ಆಕೆ ಕಸಬರಿಗೆ ಹಿಡಿದದ್ದು ಹಾವು ಓಡಿಸುವುದಕ್ಕೆ ಮಾತ್ರ.

"ಎಲಿ ಉದುರತಾವ, ಬಿದ್ದಲ್ಲೇ ಆರಾಮ ಇರ್ತಾವ. ಅವನ್ನ ಎಬ್ಬಿಸಿ ಏನ ಮಾಡೂದೈತಿ?" ಎಂದು ಆಕೆ ಬೇವಿನ ಬುಡದಲ್ಲಿ ಕಾಲು ಚಾಚುತ್ತಿದ್ದಳು. ನಳದ ವಾಷರ್ ಹೋಗಿ ಕೆಳಗಿನ ಕಲ್ಲಬಾನಿಗೆ ತೊಟ್ಟಿಕ್ಕಲು ಶುರುವಾಗಿ ಹದಿನಾಲ್ಕು ವರ್ಷ. ಬಾನಿ ತುಂಬಿ ಹರಿದಲ್ಲಿ ಕೆಸರು, ಕೆಸರಿನ ಸುತ್ತ ಪೊದೆ, ಪೊದೆಯ ಕೆಳಗೆ ಗೇಣುದ್ದ ಒಣಎಲೆ. ಕ್ಯಾಂಪಿನಲ್ಲಿ ಉಳಿದ ನಾಲ್ಕು ಮನೆಯವರಿಗೆ ಇದೆಲ್ಲ ಗೊತ್ತಿತ್ತು. ಗೊತ್ತಿಲ್ಲದ್ದು ಇಲಾಖೆಯ ಕಚೇರಿಗೆ. ಅಲ್ಲಿಗೆ ತಿಂಗಳು ತಿಂಗಳು 'ಉದ್ಯಾನ ಸ್ವಚ್ಛವಾಗಿದೆ' ಎಂಬ ವರದಿ ರುಕ್ಮವ್ವನ ಹೆಬ್ಬೆಟ್ಟು ಹೊತ್ತು ತಪ್ಪದೆ ಹೋಗುತ್ತಿತ್ತು.

ಈ ಕೊಳೆಗೆ ಮೊದಲು ಮನಸೋತವರು ಇಂಡಿಯ ಗುರುರಾಜ ಮಾಸ್ತರರು. ಸಾಲೆಯಲ್ಲಿ ಡ್ರಾಯಿಂಗ್ ಕಲಿಸಿ ನಿವೃತ್ತರಾದವರು. ಜನಿವಾರಕ್ಕಿಂತ ಕ್ಯಾಮೆರಾದ ಪಟ್ಟಿಗೆ ಹೆಚ್ಚು ಮಡಿ ಮಾಡುವ ಮನುಷ್ಯ. ಅವರ ಬೆನ್ನಿಗೆ ಸಿಂದಗಿಯಲ್ಲಿ ಔಷಧದ ಅಂಗಡಿ ನಡೆಸುವ ಮುಬೀನಾ ಬಂದಳು. ಆಮೇಲೆ ಮುದ್ದೇಬಿಹಾಳದಿಂದ, ಬಾಗೇವಾಡಿಯಿಂದ ನಾಲ್ಕೈದು ಮಂದಿ. ರವಿವಾರ ಬೆಳಕು ಹರಿಯುವುದೇ ತಡ, ಇವರೆಲ್ಲ ಮೊಳದುದ್ದದ ಲೆನ್ಸು ಹಿಡಿದು ಕೆಸರಿನಲ್ಲಿ ಹೊಟ್ಟೆಯ ಮೇಲೆ ಮಲಗುತ್ತಿದ್ದರು. ಮೊದಲ ಸಲ ನೋಡಿದಾಗ ರುಕ್ಮವ್ವ, "ಏನ ಕಳಕೊಂಡೀರಿ? ನಾನೂ ಹುಡುಕಲೇನ್ರಿ?" ಎಂದು ಕೇಳಿದ್ದಳು.

"ಏನೂ ಕಳದಿಲ್ಲ ರುಕ್ಮವ್ವ, ಹಕ್ಕಿ ಫೋಟೊ ತಗೀಲಿಕ್ಕೆ ಬಂದೇವಿ. ನಿಮಗ ಕೈ ಮುಗೀತೀನಿ, ಈ ಎಲಿ ಮಾತ್ರ ತಗೀಬ್ಯಾಡ್ರಿ. ನಳಾನೂ ಹಿಂಗ ಇರ್ಲಿ," ಎಂದಿದ್ದರು ಮಾಸ್ತರರು.

ಓದಿಕೊಂಡವರು, ಮೈಗಳ್ಳಿಯ ಮಾನ ಕಾಪಾಡಲು ಹೀಗೆ ನಯವಾಗಿ ಮಾತಾಡುತ್ತಾರೆ ಎಂದುಕೊಂಡಳು ರುಕ್ಮವ್ವ. ಅವರ ಮೇಲೆ ಆಕೆಗೆ ಅಭಿಮಾನ ಹುಟ್ಟಿತು. ಹಕ್ಕಿಗಳಿಗೂ ತನ್ನದೇ ಹೆಸರಿಟ್ಟಳು. ಏಳೇಳು ಒಟ್ಟಿಗೆ ಕೂತು ಒಬ್ಬರ ಮಾತು ಒಬ್ಬರು ಕೇಳದೆ ಹರಟುವವು ಬೀಗಿತ್ತೇರು. ಬಿಳಿ ಬಾಲ ಇಳಿಬಿಟ್ಟುಕೊಂಡು ತಿರುಗುವ ರಾಜಹಕ್ಕಿ ಧೋತರದ ಸಾಹುಕಾರ. ದಸರೆ ಕಳೆದ ಮೇಲೆ ಎಲ್ಲಿಂದಲೋ ಬಂದು, ಎಂಟು ದಿನ ಒಣಎಲೆ ಕೆದರಿ ಹುಳ ತಿಂದು, ಮತ್ತೆ ತೆಂಕಣಕ್ಕೆ ಹಾರಿಹೋಗುವ ನವರಂಗ ಮಾತ್ರ ಮೋಟವ್ವ. ಮೈತುಂಬ ಬಣ್ಣ, ಬಾಲ ಮಾತ್ರ ಬೆರಳ ತುದಿಯಷ್ಟು. ಮೋಟವ್ವ ಬಂದ ದಿನಗಳಲ್ಲಿ ರುಕ್ಮವ್ವ ಆ ಮೂಲೆಯಲ್ಲಿ ಎಲೆಯಡಿಕೆ ಉಗುಳುತ್ತಿರಲಿಲ್ಲ. ಯಾರಾದರೂ ಕೇಳಿದರೆ ಹಾಗೇನಿಲ್ಲ ಎನ್ನುತ್ತಿದ್ದಳು, ಆದರೆ ಆ ಹಕ್ಕಿಯ ಮೇಲೆ ಆಕೆಗೆ ಜೀವವಿತ್ತು.

ಹೋದ ದಸರೆಯ ಮುಂದೆ ಗೇಟಿಗೆ ಒಂದು ಕಾಗದ ಅಂಟಿಸಿ ಹೋದರು. ಸಾರ್ವಜನಿಕರು ಬಳಸುತ್ತಿಲ್ಲವಾದ್ದರಿಂದ ಉದ್ಯಾನವನ್ನು ಮುಚ್ಚಿ ಪೈಪುಗಳ ಗೋದಾಮು ಮಾಡಲಾಗುವುದು. ಮಾಲಿಯನ್ನು ಕಚೇರಿಗೆ ಕಳಿಸಲಾಗುವುದು. ಕಚೇರಿಗೆ ಮೂರು ಅಂತಸ್ತು. ಅಲ್ಲಿ ದಿನಾ ಗುಡಿಸಬೇಕು, ನಿಜವಾಗಿಯೂ ಗುಡಿಸಬೇಕು. ರುಕ್ಮವ್ವನಿಗೆ ಅನ್ನ ಇಳಿಯಲಿಲ್ಲ. ಗುಡಿಸುವ ಭಯ ಅರ್ಧ. ಇನ್ನರ್ಧ, ಮೋಟವ್ವ ಬಂದು ಪೈಪಿನ ಮೇಲೆ ಕೂತು ಏನು ತಿಂದಾಳು ಎಂಬ ಚಿಂತೆ.

ಫೋಟೊದವರು ಸುಮ್ಮನೆ ಕೂರಲಿಲ್ಲ. ಮುಬೀನಾ ತೊಂಬತ್ತಾರು ಬಗೆಯ ಹಕ್ಕಿಗಳ ಚಿತ್ರ ಕೂಡಿಸಿದಳು, ಮಾಸ್ತರರು ಅಧಿಕಾರಿಗೆ ಪತ್ರ ಬರೆದರು. ಕಳಿಸುವ ಮುಂಚೆ ರುಕ್ಮವ್ವನ ಎದುರು ಓದಿದರು. "ಶ್ರೀಮತಿ ರುಕ್ಮವ್ವ ಅವರು ಇಪ್ಪತ್ತೆರಡು ವರ್ಷಗಳಿಂದ ಈ ಉದ್ಯಾನವನ್ನು ಕಾಪಾಡಿದ ರೀತಿ ಜಿಲ್ಲೆಯಲ್ಲೇ ಮಾದರಿ" ಎಂದಿತ್ತು. ಹುಟ್ಟಿದಾಗಿನಿಂದ ಆಕೆಯನ್ನು ಯಾರೂ ಶ್ರೀಮತಿ ಎಂದಿರಲಿಲ್ಲ, ಮಾದರಿ ಎಂಬುದಂತೂ ದೂರವೇ ಉಳಿಯಿತು. ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಗಳಗಳ ಅತ್ತಳು.

ದಸರೆ ಕಳೆದ ವಾರ, ಶನಿವಾರ ಸಾಹೇಬರು ತಾವೇ ನೋಡಲು ಬರುತ್ತಾರೆ ಎಂದು ಸುದ್ದಿ ಬಂತು. ಮನೆಗೆ ಬೀಗರು ಬರುವುದಾದರೆ ಅಂಗಳ ಹಾಗೇ ಬಿಟ್ಟಾರೆಯೇ? ಗುರುವಾರ ಹೊತ್ತು ಮೂಡುವ ಮೊದಲೇ ರುಕ್ಮವ್ವ ಸೊಂಟಕ್ಕೆ ಸೆರಗು ಸಿಗಿಸಿದಳು. ಪೊದೆ ಕಡಿದಳು. ಹದಿನಾಲ್ಕು ವರ್ಷ ಸೋರಿದ ನಳಕ್ಕೆ ಹೊಸ ವಾಷರ್ ಹಾಕಿಸಿ, ಬಾನಿಯ ಪಾಚಿ ತಿಕ್ಕಿ ಬೋರಲು ಹಾಕಿದಳು. ಒಣಎಲೆಯನ್ನೆಲ್ಲ ಗುಡಿಸಿ ಬುಟ್ಟಿ ಬುಟ್ಟಿ ಹೊತ್ತು ಹಿಂದಿನ ತಿಪ್ಪೆಗೆ ಸುರಿದಳು. ಗಿಡಗಳ ಬುಡಕ್ಕೆ, ದಾರಿಯ ಕಲ್ಲುಗಳಿಗೆ ಸುಣ್ಣ, ಕೆಮ್ಮಣ್ಣು ಬಳಿದಳು. ಶುಕ್ರವಾರ ಸಂಜೆ ನೋಡಿದರೆ ಉದ್ಯಾನ ಮದುಮಗನಂತೆ ನಿಂತಿತ್ತು, ರುಕ್ಮವ್ವನ ಸೊಂಟ ಮುರಿದಿತ್ತು.

ಶನಿವಾರ ಮುಂಜಾನೆ ಆರೂವರೆಗೆ ಬರಬೇಕಿದ್ದ ಸಾಹೇಬರು ಎಂಟೂವರೆಗೆ ಬಂದರು. ಹೆಸರು ಸಂಜೀವಕುಮಾರ. ಅವರ ಜೀಪಿನ ಹಿಂದೆಯೇ ಮಾಸ್ತರರ ಸ್ಕೂಟರು ಬಂತು, ಮುಬೀನಾ ಹಿಂದೆ ಕೂತಿದ್ದಳು. ಗೇಟಿನೊಳಗೆ ಕಾಲಿಟ್ಟ ಮಾಸ್ತರರು ಅಲ್ಲೇ ನಿಂತುಬಿಟ್ಟರು. ಒಂದು ಕಾಗೆ ಕೂಡ ಇರಲಿಲ್ಲ.

"ಹಕ್ಕಿ ಎಲ್ಲವ್ರಿ ಮಾಸ್ತರ್ರ?" ಎಂದರು ಸಾಹೇಬರು ಗಡಿಯಾರ ನೋಡುತ್ತ.

ಮಾಸ್ತರರು ಬೋರಲು ಬಿದ್ದ ಬಾನಿಯನ್ನೇ ನೋಡುತ್ತಿದ್ದರು. ಮುಬೀನಾ ಮೆಲ್ಲಗೆ ಕೇಳಿದಳು: "ದೊಡ್ಡವ್ವ, ಎಲಿ ಎಲ್ಲಿ ಹೋದೂವು?"

"ಎಲ್ಲಾ ಬಳದ ಒಗದೇನಿ ಯವ್ವಾ. ನಿಮ್ಮ ಮರ್ಯಾದಿ ಪ್ರಶ್ನೆ ನೋಡು."

ಮಾಸ್ತರರು ಸುಣ್ಣ ಬಳಿದ ಕಲ್ಲಿನ ಮೇಲೆ ಕುಸಿದು ಕೂತರು. ಪ್ಯಾಂಟಿಗೆ ಸುಣ್ಣ ಮೆತ್ತಿದ್ದೂ ತಿಳಿಯಲಿಲ್ಲ. ಅವರ ಮುಖ ನೋಡಿದಾಗ ರುಕ್ಮವ್ವನಿಗೆ ಅರ್ಥವಾಯಿತು. ಇಷ್ಟು ವರ್ಷ ಇವರು ನಯಕ್ಕೆ ಹೇಳಿರಲಿಲ್ಲ. ಗುಡಿಸಬೇಡಿ ಎಂದದ್ದು ನಿಜಕ್ಕೂ ಗುಡಿಸಬೇಡಿ ಎಂದೇ.

ಸಾಹೇಬರು ಮಾತ್ರ ಖುಷಿಯಾಗಿದ್ದರು. "ಏನವ್ವ, ಜಾಗಾ ಭಾಳ ಛಲೋ ಇಟ್ಟೀಯಲ್ಲ! ಗೋದಾಮಕ್ಕ ಹೇಳಿ ಮಾಡಿಸಿದಂಗೈತಿ. ನಿನ್ನಂಥಾಕಿ ನಮ್ಮ ಕಚೇರಿಗೆ ಬೇಕು."

ಬಾಯಿ ಮುಚ್ಚಿಕೊಂಡು ನಿಂತಿದ್ದರೆ ಒಳ್ಳೆಯ ಕೆಲಸಗಾರ್ತಿ ಎಂಬ ಹೆಸರಾದರೂ ಉಳಿಯುತ್ತಿತ್ತು. ಬಾಯಿ ಬಿಟ್ಟರೆ ನೌಕರಿ ಹೋದೀತು, ಬಿಡದಿದ್ದರೆ ಮೋಟವ್ವ ಹೋಗುತ್ತಾಳೆ.

"ಸಾಹೇಬ್ರ, ಇದು ನಾ ಇಟ್ಟದ್ದಲ್ರಿ," ಎಂದಳು. "ಇಪ್ಪತ್ತೆರಡ ವರ್ಷದಾಗ ನಾ ಒಂದ ದಿನಾನೂ ಕಸಾ ಹೊಡದಿಲ್ರಿ. ವರದಿ ಎಲ್ಲಾ ಸುಳ್ಳು. ನಿನ್ನಿ ಮೊನ್ನಿ ಎರಡ ದಿನ ಹೊಡದೆ, ಹಕ್ಕಿ ಎಲ್ಲಾ ಎದ್ದ ಹೋದೂವು. ನನ್ನ ಕೆಲಸದಿಂದ ತಗದ ಹಾಕ್ರಿ, ಆದರ ತ್ವಾಟಾ ಮುಚ್ಚಬ್ಯಾಡ್ರಿ."

ಸಾಹೇಬರಿಗೆ ನಗಬೇಕೋ ಗದರಬೇಕೋ ತಿಳಿಯಲಿಲ್ಲ. "ಏನ ಮಾತಾಡತಿ? ಎಲಿ ಇದ್ದರ ಹಕ್ಕಿ ಬರ್ತಾವೇನು?"

ಎಲೆ. ರುಕ್ಮವ್ವನಿಗೆ ತಟ್ಟನೆ ಹೊಳೆಯಿತು. ಸಾಹೇಬರಿಗೆ ಕೈಸನ್ನೆ ಮಾಡಿ ಹಿಂದಕ್ಕೆ ಕರೆದೊಯ್ದಳು. ಗೋಡೆಯ ಮೂಲೆಯಲ್ಲಿ ಹುಣಸೆ ಮರ, ಅದರ ದಟ್ಟ ನೆರಳಿನಲ್ಲಿ ತಿಪ್ಪೆ, ತಿಪ್ಪೆಯ ಮೇಲೆ ಎರಡು ದಿನ ಹೊತ್ತು ಸುರಿದ ಎಲೆಯ ರಾಶಿ. ರಾಶಿಯ ಮೇಲೆ ಮೋಟವ್ವ, ಎಲೆ ಎತ್ತಿ ಎತ್ತಿ ಎಸೆಯುತ್ತ, ಉಪವಾಸ ಮುರಿದವಳ ಹಾಗೆ ಹುಳ ನುಂಗುತ್ತಿದ್ದಳು. ಹಸಿರು, ನೀಲಿ, ಹೊಟ್ಟೆಯ ಕೆಳಗೆ ಕುಂಕುಮ. ಸಾಹೇಬರು ತಾವೇ ಮೆಲ್ಲಗೆ ಕೂತು, ಮೊಬೈಲು ತೆಗೆದು, ಇಸ್ತ್ರಿ ಮಾಡಿದ ಪ್ಯಾಂಟಿನಲ್ಲೇ ತಿಪ್ಪೆಯ ಪಕ್ಕ ಹೊಟ್ಟೆಯ ಮೇಲೆ ಮಲಗಿದರು. ಬೆನ್ನಿಗೇ ಬಂದ ಮಾಸ್ತರರ ಕಣ್ಣಲ್ಲಿ ನೀರಾಡಿತು.

ತಿಂಗಳ ಮೇಲೆ ಒಂದೇ ಲಕೋಟೆಯಲ್ಲಿ ಎರಡು ಕಾಗದ ಬಂದವು. ಮಾಸ್ತರರು ಓದಿ ಹೇಳಿದರು. ಒಂದರಲ್ಲಿ, ಉದ್ಯಾನ ಮುಚ್ಚುವ ವಿಚಾರ ಕೈಬಿಡಲಾಗಿದೆ. ಇನ್ನು ಮುಂದೆ ಯಾರೂ ಅಲ್ಲಿ ಕಸ ಗುಡಿಸಕೂಡದು. ಇನ್ನೊಂದರಲ್ಲಿ, ಕರ್ತವ್ಯ ಲೋಪಕ್ಕಾಗಿ ಮಾಲಿಯ ಮೇಲೆ ಏಕೆ ಕ್ರಮ ಜರುಗಿಸಬಾರದು ಎಂಬುದಕ್ಕೆ ಏಳು ದಿನಗಳೊಳಗೆ ಉತ್ತರ ಕೊಡತಕ್ಕದ್ದು.

"ಏನಂತ ಬರೀಲಿ ರುಕ್ಮವ್ವ?" ಎಂದರು ಮಾಸ್ತರರು ಪೆನ್ನು ತೆರೆದು.

ರುಕ್ಮವ್ವ ಬೇವಿನ ಬುಡದಲ್ಲಿ ಕಾಲು ಚಾಚಿದಳು. ನಳ ಮತ್ತೆ ತೊಟ್ಟಿಕ್ಕುತ್ತಿತ್ತು. ವಾಷರನ್ನು ಆಕೆ ಸಾಹೇಬರು ಬಂದುಹೋದ ದಿನವೇ ಕಿತ್ತೆಸೆದಿದ್ದಳು.

"ಬರೀರಿ. ಇಪ್ಪತ್ತೆರಡ ವರ್ಷದಾಗ ಎರಡ ದಿನ ಕಸಾ ಹೊಡದೇನಿ, ತಪ್ಪಾಗೇತಿ. ಮತ್ತ ಹೊಡ್ಯಂಗಿಲ್ಲ."