ಕ್ಯಾಪ್ಟನ್ನಿನ ತೀರ್ಮಾನ ಮತ್ತು ನನ್ನ ತೋರುಬೆರಳು

ನಾನು ಯುದ್ಧನೌಕೆಗಳ ಕಾದಂಬರಿ ಬರೆಯುವವಳು. ಸಮುದ್ರ ನೋಡಿಲ್ಲ. ಇದನ್ನು ಕೇಳಿದವರು ಮೊದಲು ನಗುತ್ತಾರೆ, ಆಮೇಲೆ ಒಮ್ಮೆ ಗೋಕರ್ಣಕ್ಕೆ ಹೋಗೋಣ ಎನ್ನುತ್ತಾರೆ, ಆಮೇಲೆ ಫೋನು ಎತ್ತುವುದಿಲ್ಲ. ಮಾನ್ವಿಯ ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತೇನೆ. ರಾಯಚೂರಿನಿಂದ ದಿನಾ ಸರ್ಕಾರಿ ಬಸ್ಸಿನಲ್ಲಿ ಹೋಗಿಬರುತ್ತೇನೆ. ದಾರಿಯಲ್ಲಿ ಕಾಣುವ ಕಾಲುವೆ ನನ್ನ ಮಟ್ಟಿಗೆ ಸಾಕಷ್ಟು ನೀರು.

ಹಡಗಿನ ಹುಚ್ಚು ಹಿಡಿಸಿದ್ದು ಅಪ್ಪ. ಅರಕೇರಾದಿಂದ ದುಡಿಯಲು ಮುಂಬೈಗೆ ಹೋದವನು, ಅಲ್ಲಿ ರಿಪೇರಿಗೆ ಬಂದ ಹಡಗುಗಳ ತುಕ್ಕು ಕೆರೆಯುತ್ತಿದ್ದ. ಹಡಗನ್ನು ಒಂದು ದೊಡ್ಡ ಕಟ್ಟೆಯೊಳಗೆ ತಂದು ನೀರೆಲ್ಲ ಖಾಲಿ ಮಾಡುತ್ತಾರಂತೆ. ಹಾಗಾಗಿ ಅವನೂ ನೋಡಿದ್ದು ನೀರಿಲ್ಲದ ಹಡಗನ್ನೇ. ಊರಿಗೆ ಬಂದಾಗ ಅದರ ಕೋಣೆಗಳು, ತಿರುಪು ಹಾಕಿ ಬಿಗಿಯುವ ಕಬ್ಬಿಣದ ಬಾಗಿಲುಗಳು, ಎಲ್ಲವನ್ನೂ ವರ್ಣಿಸುತ್ತಿದ್ದ. ನನ್ನ ನೌಕಾಜ್ಞಾನ ಅಷ್ಟು. ಉಳಿದದ್ದನ್ನು ಯೂಟ್ಯೂಬ್ ನೋಡಿ ಕಲಿತೆ.

ಇಂಥ ಕಾದಂಬರಿಯ ಕ್ಯಾಪ್ಟನ್ನಿಗೆ ಒಂದು ಕೆಲಸ ತಪ್ಪಿದ್ದಲ್ಲ. ಕೆಲವರನ್ನು ಸಾಯಲು ಬಿಟ್ಟು ಉಳಿದವರನ್ನು ಬದುಕಿಸಬೇಕು. ಅದನ್ನು ಒಬ್ಬನೇ ತೀರ್ಮಾನಿಸಬೇಕು, ಬೇಗ ತೀರ್ಮಾನಿಸಬೇಕು, ತೀರ್ಮಾನಿಸುವಾಗ ದವಡೆ ಬಿಗಿದಿರಬೇಕು. ಹೆಚ್ಚು ಯೋಚಿಸುವ ಕ್ಯಾಪ್ಟನ್ ಓದುಗರಿಗೆ ಹಿಡಿಸುವುದಿಲ್ಲ ಎಂದು ನನ್ನ ಧಾರಾವಾಹಿ ಹಾಕುತ್ತಿದ್ದ ವಾರಪತ್ರಿಕೆಯ ಸಂಪಾದಕರು ಹೇಳುತ್ತಿದ್ದರು. ನನಗೂ ಹಾಗೇ ಅನ್ನಿಸಿತ್ತು. ಆ ವಾರದ ಕಂತಿನಲ್ಲಿ ಟಾರ್ಪೆಡೊ ಬಡಿದು ಹಡಗಿನ ತಳದ ಕೋಣೆಗೆ ನೀರು ನುಗ್ಗಿತ್ತು. ಒಳಗೆ ಮೂವರು ನಾವಿಕರು. ಬಾಗಿಲು ಬಿಗಿದರೆ ಹಡಗು ಉಳಿಯುತ್ತದೆ, ಅವರು ಉಳಿಯುವುದಿಲ್ಲ. ಕ್ಯಾಪ್ಟನ್ ಆಜ್ಞೆ ಕೊಡಲು ಬಾಯಿ ತೆರೆದಲ್ಲಿಗೆ ಕಂತು ಮುಗಿಸಿದ್ದೆ.

ಅವ್ವನಿಗೆ ಓದಿ ಹೇಳಿದೆ. ಅವಳಿಗೆ ಸರಿಬರಲಿಲ್ಲ.

"ಇಷ್ಟು ದೊಡ್ಡ ಮಾತು. ಅಂವ ಯಾರ್ನೂ ಕೇಳಂಗಿಲ್ಲೇನು?"

"ಯವ್ವಾ, ಅಂವ ಕ್ಯಾಪ್ಟನ್ ಅದಾನ."

"ಇರ್ಲಿ. ಅಂವಗ ಅಣ್ಣತಮ್ಮರಿಲ್ಲೇನು?"

ಅವಳ ಪ್ರಶ್ನೆಯಲ್ಲಿ ತಪ್ಪಿಲ್ಲ. ನಮ್ಮ ಮನೆಯಲ್ಲಿ ಯಾರೂ ಒಬ್ಬರೇ ತೀರ್ಮಾನ ತೆಗೆದುಕೊಂಡ ಉದಾಹರಣೆ ಇಲ್ಲ. ಕೂಲರ್ ಕೊಳ್ಳಬೇಕು ಎಂದಾಗ ಅರಕೇರಾದಿಂದ ಅಣ್ಣ ಬಂದ, ದೇವದುರ್ಗದಿಂದ ಭಾವನವರು ಬಂದರು, ಪಕ್ಕದ ಮನೆಯವರು ಕುರ್ಚಿ ತಂದು ಕೂತರು. ಬೇಸಿಗೆ ಮುಗಿದ ಮೇಲೆ ಕೂಲರ್ ಬಂತು. ಯಾರೂ ತಪ್ಪಿತಸ್ಥರಲ್ಲ. ಅದೇ ಈ ಪದ್ಧತಿಯ ಅನುಕೂಲ.

ಅದಾದ ಕೆಲವು ದಿನಕ್ಕೆ ಕಾಲೇಜಿನ ಎನ್ಎಸ್ಎಸ್ ಶಿಬಿರ ಮಲ್ಲಟದಲ್ಲಿ ನಡೆಯಿತು. ಹುಡುಗಿಯರಿಗೆ ಮಾದರಿಯಾಗಿರಲೆಂದು ನಾನೇ ಮುಂದೆ ನಿಂತು ಜಾಲಿಕಂಟಿ ಎಳೆದೆ. ಬಲಗೈಯ ತೋರುಬೆರಳಿಗೆ ಮುಳ್ಳು ಹೊಕ್ಕಿತು. ಅರಿಶಿನ ಹಚ್ಚಿ ಸುಮ್ಮನಾದೆ. ನನಗೆ ಸಕ್ಕರೆ ಕಾಯಿಲೆ ಇದೆ ಎಂಬುದು ನನಗೆ ಗೊತ್ತಿತ್ತು, ಬೆರಳಿಗೂ ಗೊತ್ತಿತ್ತು. ಅದು ಊದಿತು, ಬಣ್ಣ ತಿರುಗಿತು, ಕಡೆಗೆ ಕಪ್ಪಾಯಿತು. ಜ್ವರ ಏರಿ ನಡುಗತೊಡಗಿದಾಗ ಗಂಡ ರಾಯಚೂರಿನ ಆಸ್ಪತ್ರೆಗೆ ಸೇರಿಸಿದರು.

ಡಾಕ್ಟರು ವಯಸ್ಸಿನಲ್ಲಿ ನನ್ನ ಹಳೆಯ ವಿದ್ಯಾರ್ಥಿಯಷ್ಟಿದ್ದರು. ಕೈ ತಿರುಗಿಸಿ ನೋಡಿದರು. "ಬೆರಳು ತೆಗೀಬೇಕಾಗ್ತದ್ರೀ ಮೇಡಂ. ಇವತ್ತೇ ತೆಗದ್ರ ಕೈ ಉಳೀತದ. ತಡಾ ಮಾಡಿದ್ರ ಕೈಗೇ ಬರ್ತದ," ಎಂದರು. ನಾನು ಏನಾದರೂ ಹೇಳುವುದರೊಳಗೆ, "ಮನಿಯವರ ಜೋಡಿ ಮಾತಾಡ್ತೀನ್ರಿ," ಎಂದು ಹೊರಗೆ ಹೋದರು.

ನಾನು ಕೈಯಿಂದಲೇ ಬರೆಯುವವಳು. ಕಂಪ್ಯೂಟರ್ ಒಗ್ಗಲಿಲ್ಲ. ಬೋರ್ಡಿನ ಮೇಲೂ ಕಾಗದದ ಮೇಲೂ ನನಗಿದ್ದ ಬದುಕೆಲ್ಲ ಆ ಬೆರಳಿನಿಂದ ಬಂದದ್ದು. ಮಲಗಿದಲ್ಲೇ ಅದನ್ನು ನೋಡಿದೆ. ನನ್ನದು ಅನ್ನಿಸಲಿಲ್ಲ, ಆದರೂ ಬಿಟ್ಟುಕೊಡಲು ಮನಸ್ಸಿರಲಿಲ್ಲ. ಬಹಳ ಹೆದರಿಕೆಯಾಯಿತು.

ಹೊರಗಿನ ಪಡಸಾಲೆಯಲ್ಲಿ ಸಭೆ ಕೂಡಿತು. ನಡುವಿನ ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ಎಲ್ಲರ ಧ್ವನಿಯೂ ನನಗೆ ಪರಿಚಿತ.

"ಹೈದರಾಬಾದಿಗೆ ಒಯ್ಯೂಣು. ಇಲ್ಲಿ ಸುಮ್ನ ಕೊಯ್ದು ಒಗೀತಾರ," ಎಂದ ಅಣ್ಣ.

"ನೀವೆಲ್ಲಾ ಹೆಂಗಂತೀರಿ ಹಂಗರಿ," ಎಂದರು ನನ್ನ ಗಂಡ. ಮದುವೆಯಾದಾಗಿನಿಂದ ಅವರ ನಿಲುವು ಇದೇ.

ಭಾವನವರು ದೇವದುರ್ಗದಿಂದ ಫೋನಿನಲ್ಲಿದ್ದರು, ಸ್ಪೀಕರ್ ಹಾಕಿದ್ದರು. "ನಮ್ಮ ಕಡೆ ಒಬ್ಬಾಂವ ಬೇರಿನ ಔಷಧ ಕೊಡ್ತಾನ. ನಾಳೆ ಮುಂಜಾನಿ ಕರಕೊಂಡು ಬರ್ತೀನಿ. ಅಲ್ಲೀತನ ಯಾರೂ ಸಹಿ ಮಾಡಬ್ಯಾಡ್ರಿ."

"ಬೆರಳಿಲ್ದ ರೊಟ್ಟಿ ಹೆಂಗ ಬಡೀಬೇಕು ಆಕಿ?" ಎಂದ ಅಣ್ಣ. ನಾನು ರೊಟ್ಟಿ ಬಡಿದು ವರ್ಷಗಳಾಗಿದ್ದವು. ಖಾನಾವಳಿಯಿಂದ ತರಿಸುತ್ತೇವೆ. ತಂದುಕೊಡುವವರು ನನ್ನ ಗಂಡನೇ. ಅವರು ಈ ವಿಷಯ ತಿಳಿಸಲಿಲ್ಲ.

ನಾನು ಒಬ್ಬ ಕ್ಯಾಪ್ಟನ್ನಿಗಾಗಿ ಕಾದೆ. ಇವರಲ್ಲಿ ಒಬ್ಬರಾದರೂ ದವಡೆ ಬಿಗಿದು "ತೆಗೆಯಿರಿ" ಎಂದಾರು ಎಂದುಕೊಂಡೆ. ಯಾರೂ ಅನ್ನಲಿಲ್ಲ. ಚಹಾ ತರಿಸಿದರು. ಸಕ್ಕರೆ ಕಡಿಮೆ ಎಂದು ಯಾರೋ ಗೊಣಗಿದ್ದೂ ಕೇಳಿಸಿತು. ಸಿಟ್ಟು ಬಂತು. ಎಂಥ ಸಿಟ್ಟೆಂದರೆ, ಅವರನ್ನೆಲ್ಲ ಹಡಗಿಗೆ ಹತ್ತಿಸಿ ಮುಳುಗಿಸುವಷ್ಟು.

ಆಗ ನನಗೆ ತಳದ ಕೋಣೆಯ ಆ ಮೂವರು ನೆನಪಾದರು. ಕ್ಯಾಪ್ಟನ್ನಿಗೆ ಆ ಕಂತಿನಲ್ಲಿ ಪ್ಯಾರಾಗಟ್ಟಲೆ ತಳಮಳ ಕೊಟ್ಟಿದ್ದೆ. ಅವರಿಗೆ ಒಂದು ಮಾತೂ ಕೊಟ್ಟಿರಲಿಲ್ಲ. ಅವರು ಒಳಗೆ ಕಬ್ಬಿಣದ ಗೋಡೆ ಬಡಿಯುತ್ತಾರೆ, ಅಷ್ಟೇ. ಹಡಗಿನ ಪ್ರತಿ ಕೋಣೆಗೂ ಫೋನಿದೆ ಎಂದು ಮೊದಲ ಅಧ್ಯಾಯದಲ್ಲಿ ಬರೆದವಳು ನಾನೇ. ಅದನ್ನು ಎತ್ತಿ "ನೀವೇನಂತೀರಿ" ಎಂದು ಕೇಳುವ ಯೋಚನೆ ಅವನಿಗೂ ಬರಲಿಲ್ಲ, ನನಗೂ ಬರಲಿಲ್ಲ. ಆಮೇಲೆ ಮುಂದಿನ ಕಂತು ಬರೆದಾಗ ಫೋನು ಎತ್ತಿಸಿದೆ. ಇವನು ಪುಕ್ಕಲು ಕ್ಯಾಪ್ಟನ್ ಎಂದು ಓದುಗರು ಪತ್ರ ಬರೆದರು.

ನನ್ನ ಬಾಯಿಗೆ ಏನೂ ಆಗಿರಲಿಲ್ಲ ಎಂಬುದೂ ಆಗಲೇ ಹೊಳೆಯಿತು. ಕೂಗಬಹುದಿತ್ತು. ಹಿರಿಯರು ಮಾತಾಡುವಾಗ ನಡುವೆ ಬಾಯಿ ಹಾಕಬಾರದು ಎಂದು ಸುಮ್ಮನೆ ಮಲಗಿದ್ದೆ.

ಬಾಗಿಲು ತಳ್ಳಿಕೊಂಡು ಅವ್ವ ಬಂದಳು. ಸಭೆಯಲ್ಲಿ ಅವಳ ಧ್ವನಿ ಒಮ್ಮೆಯೂ ಕೇಳಿಸಿರಲಿಲ್ಲ. ಮಂಚದ ಅಂಚಿಗೆ ಕೂತಳು.

"ಹೊರಗ ಎಲ್ಲಾರೂ ಮಾತಾಡಾಕತ್ತಾರ," ಎಂದಳು. "ನೀ ಏನಂತಿ?"

"ತೆಗೀಲಿ ಯವ್ವಾ."

"ಖರೇ?"

"ಖರೇ. ಕೈ ಉಳೀಲಿ."

ಅವ್ವ ತಲೆಯಾಡಿಸಿದಳು. ಕಣ್ಣಲ್ಲಿ ಒಂದು ಹನಿ ಇಲ್ಲ. ಎದ್ದು ಹೋಗಿ ನರ್ಸನ್ನು ಕರೆತಂದಳು. ನರ್ಸು ಒಪ್ಪಿಗೆಯ ಕಾಗದ ಹಿಡಿದು ಬಂದವಳು, "ಮನಿಯವ್ರು ಸಹಿ ಮಾಡ್ತಾರೇನ್ರಿ?" ಎಂದಳು.

"ಬೆರಳು ಆಕೀದು," ಎಂದಳು ಅವ್ವ.

ಬಲಗೈ ಪೆನ್ನು ಹಿಡಿಯುವಂತಿರಲಿಲ್ಲ. ಎಡಗೈಯಲ್ಲಿ ಪೆನ್ನು ಹಿಡಿದೆ. ಅದಕ್ಕೆ ಬರೆದು ರೂಢಿಯಿಲ್ಲ; ಕಾಗದದ ಮೇಲೆ ಗೀರು ಬಿತ್ತು, ಅಕ್ಷರ ಮೂಡಲಿಲ್ಲ. ನರ್ಸು ಒಂದಿಷ್ಟು ನೋಡಿ, "ಹೆಬ್ಬೆಟ್ಟು ಒತ್ರಿ ಮೇಡಂ, ನಡೀತದ," ಎಂದು ಶಾಯಿಯ ಡಬ್ಬಿ ತೆರೆದಳು.

ಅವ್ವ ನನ್ನ ಎಡಗೈ ಹಿಡಿದು ಹೆಬ್ಬೆರಳನ್ನು ಶಾಯಿಗೆ ಅದ್ದಿದಳು. ರೇಷನ್ನಿಗೆ, ಪಿಂಚಣಿಗೆ, ನನ್ನನ್ನು ಶಾಲೆಗೆ ಸೇರಿಸಿದ ದಿನದ ಅರ್ಜಿಗೆ, ಎಲ್ಲದಕ್ಕೂ ಹೆಬ್ಬೆಟ್ಟೊತ್ತಿಯೇ ಬದುಕಿದವಳು. ನನ್ನ ಬೆರಳನ್ನು ಕಾಗದದ ಮೇಲಿಟ್ಟು ಮೆಲ್ಲಗೆ ಒತ್ತಿ ಎತ್ತಿದಳು. ಗುರುತು ಸ್ಪಷ್ಟವಾಗಿ ಬಿತ್ತು. ಅದನ್ನು ನೋಡುತ್ತ ನೋಡುತ್ತ ಅವಳ ಮುಖ ಮುದುಡಿತು.

"ಇದಕ್ಕೇನು ನಿನ್ನ ಸಾಲಿಗಿ ಹಾಕಿದ್ದೆ?" ಎಂದು ನನ್ನ ಕೈಯನ್ನು ಸೆರಗಿನಿಂದ ಒರೆಸುತ್ತ, ಶಾಯಿ ಹೋಗದೆ ಇದ್ದಾಗ ಇನ್ನೂ ಜೋರಾಗಿ ಒರೆಸುತ್ತ, ಬಿಕ್ಕಿ ಬಿಕ್ಕಿ ಅತ್ತಳು.