ಗುಂಡ್ಯಾನ ಸೋಮವಾರ

ಬೆಳಿಗ್ಗೆ ಮೀನಿನ ಆಹಾರದ ಡಬ್ಬಿ ತೆಗೆದೆ. ಒಣಸೀಗಡಿಯ ಘಾಟು ಮೂಗಿಗೆ ಬಡಿಯಿತು, ಅದರ ಬೆನ್ನಿಗೇ ವಿಭೂತಿಯ ವಾಸನೆ. ಡಬ್ಬಿಯಲ್ಲಿ ವಿಭೂತಿ ಎಲ್ಲಿಂದ ಬರಬೇಕು? ಆದರೆ ನನ್ನ ಪಾಲಿಗೆ ಈ ಎರಡು ವಾಸನೆಗಳು ಬೇರೆಯಾಗಲೇ ಇಲ್ಲ. ಎರಡೂ ನಮ್ಮ ಆಯಿಯ, ಅಂದರೆ ಅಪ್ಪನ ಅವ್ವನ, ಬೆರಳಲ್ಲಿದ್ದವು.

ಹಿರೇಕೆರೂರಿನ ನಮ್ಮ ಹಳೇ ಮನೆಗೆ ಆ ಮೀನನ್ನು ತಂದವನು ಬಸುಕಾಕಾ, ಅಪ್ಪನ ತಮ್ಮ. ಗೊಂಜಾಳ, ಅಂದರೆ ಮೆಕ್ಕೆಜೋಳ, ಮಾರಲು ಪೇಟೆಗೆ ಹೋದವನು ನೀರು ತುಂಬಿದ ಪ್ಲಾಸ್ಟಿಕ್ ಚೀಲ ಎದೆಗವಚಿಕೊಂಡು ಬಸ್ಸಿಳಿದು ಬಂದಿದ್ದ. ಫ್ಲವರ್‌ಹಾರ್ನ್ ಅಂತೆ, ಬೇರೆ ಬೇರೆ ಜಾತಿಯ ಮೀನು ಕೂಡಿಸಿ ಮನುಷ್ಯರೇ ಮಾಡಿದ ತಳಿಯಂತೆ. ಮೈಯೆಲ್ಲ ಕೆಂಪು, ಪಕ್ಕೆಯಲ್ಲಿ ಮಸಿ ಚೆಲ್ಲಿದ ಹಾಗೆ ಕಪ್ಪು ಮಚ್ಚೆ, ಹಣೆಯ ಮೇಲೆ ಇಷ್ಟು ದಪ್ಪ ಬುಗುಟು. ಆಯಿ ಸೊಂಟದ ಮೇಲೆ ಕೈಯಿಟ್ಟು ನೋಡಿದಳು. "ಜ್ವಾಳ ಹೈಬ್ರಿಡ್ ಆತು, ಗೊಂಜಾಳ ಹೈಬ್ರಿಡ್ ಆತು, ಇನ್ನ ಮೀನ ಒಂದ ಉಳದಿತ್ತೇನೋ ಬಸೂ?"

ಲಿಂಗಪೂಜೆಯ ಮನೆಗೆ ಸೀಗಡಿಯ ಗುಳಿಗೆ! ಡಬ್ಬಿ ಹಿತ್ತಲ ಕಟ್ಟೆ ದಾಟಿ ಒಳಗೆ ಬರಕೂಡದೆಂದು ಆಯಿಯ ಕಟ್ಟಪ್ಪಣೆಯಾಯಿತು. ಅದು ಎಷ್ಟು ದಿನ ನಡೆದೀತು? ಪೂಜೆ ಮುಗಿಸಿ ಪಡಸಾಲೆಗೆ ಬಂದರೆ ಸಾಕು, ಅಲ್ಲಿಟ್ಟ ತೊಟ್ಟಿಯ ಮೀನು ಗಾಜಿಗೆ ಹಣೆ ಒತ್ತಿ ಅವಳು ಹೋದಲ್ಲೆಲ್ಲ ಹಿಂದೆ ಹಿಂದೆ ಈಜುತ್ತಿತ್ತು. ಆಯಿ ಕರಗಿದಳು. ಗುಂಡ್ಯಾ ಎಂದು ಹೆಸರಿಟ್ಟಳು. ಅದರ ಬುಗುಟು ಮುಟ್ಟುವ ಜಾಗ ನೋಡಿ ಗಾಜಿನ ಹೊರಮೈಗೆ ಮೂರು ಬೆರಳು ವಿಭೂತಿ ಎಳೆದಳು. ಸೆರಗಿನಿಂದ ಮೂಗು ಮುಚ್ಚಿಕೊಂಡು ಗುಳಿಗೆ ಹಾಕುವುದನ್ನೂ ಕಲಿತಳು. ಬಾಯಿಲ್ಲದ ಜೀವ ಉಣ್ಣದೆ ತಾನು ಉಣ್ಣಬಾರದೆಂಬುದು ಅವಳ ಹಟ. ಸಂಜೆ ಗುಂಡ್ಯಾ ಉಂಡ ಮೇಲೇ ಅವಳ ರೊಟ್ಟಿ. ಇನ್ನು ಸೋಮವಾರ ಅವಳದು ಒಪ್ಪತ್ತು, ರಾತ್ರಿ ಒಂದೇ ಊಟ. ಗುಂಡ್ಯಾನಿಗೆ ಅದೂ ಇಲ್ಲ, ಪೂರ್ತಿ ಉಪವಾಸ! "ನಮ್ಮನಿ ನೀರಾಗ ಇದ್ದಮ್ಯಾಲ ನಮ್ಮನಿ ವಾರಾನೂ ಹಿಡೀಬೇಕು" ಎನ್ನುತ್ತಿದ್ದಳು. ಕಾಕಾ ಮೊದಮೊದಲು ಹಾರಾಡಿದ, ಆಮೇಲೆ ಸುಮ್ಮನಾದ.

ಅಪ್ಪನಿಗೂ ಕಾಕಾನಿಗೂ ಅದೇನು ಮಾತಿಗೆ ಮಾತು ಬೆಳೆಯಿತೋ, ಮನೆ ಎರಡಾಯಿತು. ಆಯಿ ಹಿರಿಯ ಮಗನ ಪಾಲಿಗೆ ಉಳಿದಳು. ಮೀನು ಅದನ್ನು ತಂದ ಕಾಕಾನ ಪಾಲಿಗೆ ಹೋಯಿತು. ಕಾಕಾ ಬಸ್‌ಸ್ಟ್ಯಾಂಡಿನ ಆಚೆ ಮನೆ ಮಾಡಿದ. ಅಣ್ಣತಮ್ಮಂದಿರು ಸಂತೆಯಲ್ಲಿ ಎದುರಾದರೂ ಮುಖ ತಿರುಗಿಸಿ ಹೋಗುತ್ತಿದ್ದರು. ಮೊದಲ ಸಂಜೆ ಆಯಿ ತಾಟಿನ ಮುಂದೆ ರೊಟ್ಟಿ ಮುರಿಯದೆ ಕುಳಿತಳು.

"ಅದು ಉಂಡೈತೋ ಇಲ್ಲೋ, ನಾ ಹೆಂಗ ಉಣ್ಣಲಿ?"

"ಮೀನಿನ ಸಲುವಾಗಿ ಉಪಾಸ ಬೀಳ್ತೀಯೇನ ಯವ್ವಾ?" ಎಂದು ಅಪ್ಪ ರೇಗಿದ. ಅವಳು ತಾಟು ಸರಿಸಿ ಎದ್ದಳು. ಮೀನಿನದೊಂದೇ ಸಂಕಟವಲ್ಲವೆಂದು ನನಗೂ ತಿಳಿಯುತ್ತಿತ್ತು.

ಮರುದಿನ ಸಂಜೆ ಕಾಕಾ ಬಾಗಿಲಿಗೆ ಬಂದ, ಹೊಸ್ತಿಲು ದಾಟಲಿಲ್ಲ. "ಯವ್ವಾ, ಗುಂಡ್ಯಾ ಉಣವಲ್ದು. ಹಾಕಿದ್ದೆಲ್ಲಾ ತಳಕ್ಕ ಬಿದ್ದೈತಿ. ನೀನ ಬರಬೇಕು."

ಆಯಿ ಚಪ್ಪಲಿ ಮೆಟ್ಟಿದ್ದೂ ಗೊತ್ತಾಗಲಿಲ್ಲ. ನಾನೂ ಬೆನ್ನು ಹತ್ತಿದೆ. ಮೂಲೆಯಲ್ಲಿ ಮುದುಡಿ ನಿಂತಿದ್ದ ಗುಂಡ್ಯಾ ಅವಳ ದನಿ ಕೇಳಿದ್ದೇ ಗಾಜಿಗೆ ಬಂದು ಹಣೆ ಹಚ್ಚಿತು. "ಬಾರೋ ನನ್ನಪ್ಪ, ಉಣ್ಣು" ಎಂದಳು. ಉಂಡಿತು. ಅಂದಿನಿಂದ ಸೋಮವಾರ ಬಿಟ್ಟು ದಿನಾ ಸಂಜೆ ಆಯಿ ಹೋಗಿ ಉಣಿಸಿ ಬರುತ್ತಿದ್ದಳು. ಆ ಮನೆಯ ಸುದ್ದಿ ಈ ಮನೆಗೆ, ಈ ಮನೆಯ ಉಪ್ಪಿನಕಾಯಿ ಆ ಮನೆಗೆ.

ಮಳೆಗಾಲದ ಒಂದು ಸಂಜೆ ಅವಳು ಮೊಣಕಾಲು ಹಿಡಿದು ಕುಳಿತಳು. "ಕಾಲ ಬ್ಯಾನಿ. ಇವತ್ತ ನೀ ಹೋಗಿ ಹಾಕಿ ಬಾ" ಎಂದಳು ಅಪ್ಪನಿಗೆ. "ಅದು ಉಣ್ಣೂತನಕ ನಾ ಉಣ್ಣಂಗಿಲ್ಲ ನೋಡು." ಅಂದು ಸೋಮವಾರ! ನಾನು ಬಾಯಿ ತೆಗೆದೆ; ಆಯಿ ನನ್ನ ತೊಡೆ ಚಿವುಟಿದಳು. ಮೀನಿನ ವಾರ ಯಾವುದೆಂದು ಎಂದೂ ಗಮನಿಸದ ಅಪ್ಪ ಗೊಣಗುತ್ತ ಛತ್ರಿ ಹಿಡಿದು ಹೋದ.

ಎಷ್ಟು ಹೊತ್ತಾದರೂ ಬರಲಿಲ್ಲ. ಆಯಿ ಬಾಗಿಲನ್ನೇ ನೋಡುತ್ತಿದ್ದಳು. ಕೊನೆಗೆ ಬಂದ, ಛತ್ರಿ ಕೊಡವಿ ಮೂಲೆಗಿಟ್ಟ.

"ಇವತ್ತ ಸೋಮವಾರ ಐತಲ್ಲ ಯವ್ವಾ. ಬಸ್ಯಾ ಹೇಳಿದ. ಮೀನಿಗೆ ಏನೂ ಹಾಕಲಿಲ್ಲ."

"ಹೌದ? ಮತ್ತ ಇಷ್ಟೊತ್ತನಕ ಅಲ್ಲೇನ ಮಾಡಿದಿ?"

ಅಪ್ಪ ಗೋಡೆಯ ಕಡೆ ತಿರುಗಿ ಅಂಗಿ ಕಳಚಿದ. "ಉಂಡೆ."

"ತಾಟ ಹಾಕವ್ವಾ" ಎಂದಳು ಆಯಿ ನನಗೆ.

ಈಗ ಆಯಿ ಇಲ್ಲ, ಗುಂಡ್ಯಾ ಇಲ್ಲ, ಆ ಪಡಸಾಲೆ ಇದ್ದಲ್ಲಿ ಅಂಗಡಿ ಸಾಲು ಎದ್ದಿದೆ. ನಿಮ್ಮ ಮನೆಗಳಲ್ಲೂ ಹಾಗೆ ಬಾಗಿಲು ನೋಡುತ್ತ ಕುಳಿತ ಒಬ್ಬಳು ಇದ್ದಿರಬೇಕು. ನನ್ನ ತೊಟ್ಟಿಯ ಬುಗುಟು ಹಣೆಯವನು ಗಾಜಿಗೆ ಮುಖ ಒತ್ತಿ ಕಾಯುತ್ತಿದ್ದಾನೆ. ಮರೆತೇಬಿಟ್ಟಿದ್ದೆ, ಇವತ್ತು ಸೋಮವಾರ. ಡಬ್ಬಿ ಮುಚ್ಚಿಟ್ಟೆ. ಸೋಮವಾರ ರಾತ್ರಿಯ ಊಟಕ್ಕೆ ನಾವೆಲ್ಲರೂ ಬಸುಕಾಕಾನ ಮನೆಗೆ. ಅಪ್ಪ ಬೆಳಿಗ್ಗೆಯೇ ಹೋಗಿ ಕುಳಿತಿದ್ದಾನೆ.