ಸಿಪ್ಪೆ ಗುಂಡಿಯ ಪಕ್ಕದ ಮನೆ

ನಮ್ಮಪ್ಪ ದೋಣಿಗಲ್ ಹತ್ತಿರದ ಒಂದು ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆಯ ಕೆಳಗೇ ನಮಗೆ ಮನೆ ಕೊಟ್ಟಿದ್ದರು. ಕೊಯ್ಲು ಶುರುವಾದರೆ ಸಿಪ್ಪೆಯೆಲ್ಲ ನಮ್ಮ ಹಿತ್ತಲ ಪಕ್ಕದ ಗುಂಡಿಗೆ ಬಂದು ಬೀಳುತ್ತಿತ್ತು, ಅಲ್ಲೇ ಕೊಳೆಯುತ್ತಿತ್ತು. ಬಂದವರು ಮೂಗು ಮುಚ್ಚಿಕೊಂಡರೆ ನಮಗೆ ನಗು. “ಎಲ್ಲೈತೆ ವಾಸನೆ?” ಎಂದು ಅವ್ವ ಕೇಳುತ್ತಿದ್ದಳು, ಹುಡುಗಾಟಕ್ಕಲ್ಲ. ನಮಗೆ ನಿಜವಾಗಿಯೂ ಗೊತ್ತಾಗುತ್ತಿರಲಿಲ್ಲ.

ನನ್ನನ್ನು ನೋಡಲು ಬಂದ ಮೊದಲ ಗಂಡಿನವರು ಉಪ್ಪಿಟ್ಟು ಮುಟ್ಟದೆ ಎದ್ದು ಹೋದಾಗ ಆ ನಗು ನಿಂತಿತು. “ಆ ಗಬ್ಬುನಾತದಾಗೆ ಹೆಂಗ್ರೀ ತಿನ್ನೋದು?” ಎಂದರಂತೆ. ಆವತ್ತಿನಿಂದ ಅವ್ವನಿಗೆ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಆಲೂರು ಕಡೆಯಿಂದ ಇನ್ನೊಬ್ಬರು ಬರುವವರಿದ್ದರು, ಅದೂ ಕೊಯ್ಲಿನಲ್ಲೇ. ಅವರೂ ಹೀಗೇ ಎದ್ದು ಹೋದರೆ ಮಗಳ ಗತಿಯೇನು? ಮನೆ ಸಾರಿಸಿದಳು, ಕಂಬಳಿ ಒಗೆದಳು, ಸಾಂಬ್ರಾಣಿ ಹಾಕಿದಳು. ಆದರೆ ವಾಸನೆ ಹೋಯಿತೋ ಇಲ್ಲವೋ ಹೇಳುವವರು ಯಾರು? ಮನೆಯ ಒಂದು ಮೂಗನ್ನೂ ನಂಬುವ ಹಾಗಿರಲಿಲ್ಲ.

“ನೀನು ಕುಂದೂರಿಗೆ ಹೋಗು. ಮಾವನ ಮನೇಲಿ ನಾಕು ದಿನ ಇದ್ರೆ ಮೂಗು ತಿಳಿಯಾಗ್ತದೆ. ಬಂದು ಎಲ್ಲೆಲ್ಲಿ ನಾತ ಐತೆ ಹೇಳ್ಬುಡು,” ಎಂದಳು.

“ಬೇರೆ ಯಾರನ್ನಾದ್ರೂ ಕೇಳವ್ವ.”

“ಬ್ಯಾರೇರ ಮುಂದೆ ಮರ್ಯಾದೆ ಕಳ್ಕಳಾಣ ಅಂತೀಯೇನೇ?”

ಹೋದೆ. ವಾಪಸ್ಸು ಬಸ್ಸಿಳಿದು ತೋಟದ ದಾರಿ ಹಿಡಿದೆನೋ ಇಲ್ಲವೋ, ಹೊಡೆಯಿತು ನೋಡಿ! ಅಯ್ಯಪ್ಪಾ! ಹುಳಿಹುಳಿಯಾದ ಕೊಳೆತ ನಾತ. ಇದರೊಳಗಾ ನಾನು ಬೆಳೆದದ್ದು? ಮೊಳೆಗೆ ನೇತುಹಾಕಿದ್ದ ಅಪ್ಪನ ಕೋಟು, ಬಾಗಿಲ ಗೋಣಿತಾಟು, ಎಲ್ಲವನ್ನೂ ಮೂಸಿ ಬೆರಳು ತೋರಿಸಿದೆ. ಅವ್ವ ಕಿತ್ತು ಕಿತ್ತು ಹೊರಗೆ ಎಸೆದಳು. ಆಮೇಲೆ ಹತ್ತಿರ ಬಂದು, “ಇನ್ನೆಲ್ಲೈತೆ?” ಎಂದಳು.

ನನ್ನ ಮುಖ ತಾನಾಗಿ ಆಚೆ ತಿರುಗಿತು. ಅವಳ ತುರುಬಿನಲ್ಲಿತ್ತು, ಸೆರಗಿನಲ್ಲಿತ್ತು. ಅವ್ವನಿಗೆ ತಿಳಿದುಹೋಯಿತು. ಸೀಗೆಪುಡಿ ಕಲಸಿಕೊಂಡು ಬಚ್ಚಲಿಗೆ ಹೋದಳು. ತಲೆ ಒರೆಸಿಕೊಳ್ಳುತ್ತ ಬಂದು “ಈಗ?” ಎನ್ನುವ ಹೊತ್ತಿಗೆ ನನ್ನ ಮೂಗು ಆಗಲೇ ಮನೆಯ ಮೂಗಾಗಿತ್ತು. ರಸ್ತೆಯ ತನಕ ಓಡಿಹೋಗಿ ಬಂದು ಮತ್ತೆ ಮೂಸಿದೆ. ಏನೂ ಗೊತ್ತಾಗಲಿಲ್ಲ. ಅಳು ಬಂತು.

ಗಂಡಿನವರು ಬಂದ ದಿನ ಅವ್ವ ಅಡುಗೆಮನೆ ಬಿಟ್ಟು ಬರಲಿಲ್ಲ. ತಿಂಡಿ ಕೊಟ್ಟವಳು ನನ್ನ ಸೋದರತ್ತೆ. ನನ್ನ ಕಣ್ಣೋ, ಗಂಡಿನ ಕಡೆಗೆ ಹೋಗದೆ ಅವನ ತಾಯಿಯ ಮೂಗಿನ ಮೇಲೆಯೇ ಇತ್ತು. ಹೊರಡುವಾಗ ಅತ್ತೆ ಅರಿಶಿನ ಕುಂಕುಮದ ಬಟ್ಟಲು ಹಿಡಿದರೆ ಆಯಮ್ಮ ಮುಂದೆ ಬರಲಿಲ್ಲ.

“ಹೆಣ್ಣಿನ ತಾಯಿ ಮನೇಲಿರುವಾಗ ನಿಮ್ ಕೈಲ್ಯಾಕೆ? ಅವ್ರೇ ಬರ್ಲಿ.”

ಅವ್ವ ಬಂದಳು. ಮಾರು ದೂರ ನಿಂತು, ಕೈ ಉದ್ದ ಮಾಡಿ, ಬೆರಳ ತುದಿಯಲ್ಲಿ ಕುಂಕುಮ ಚಾಚಿದಳು. ಆಯಮ್ಮ ಆ ಕೈ ಹಿಡಿದು ಹತ್ತಿರಕ್ಕೆ ಎಳೆದುಕೊಂಡರು.

“ನಾತ ಐತೆ ಕಣಕ್ಕ, ಸುಳ್ಯಾಕೆ ಹೇಳ್ಲಿ,” ಎಂದರು. “ನಮ್ಮನೇಲೂ ಅಟ್ಟದ ತುಂಬ ಆಲೂಗಡ್ಡೆ ಕೊಳ್ತು ನಾರ್ತವೆ. ನಿಮ್ ಮಗ್ಳು ಬಂದ್ರೆ ನಾಕು ದಿನ ಮೂಗು ಮುಚ್ಕತಾಳೆ. ಆಮ್ಯಾಕೆ ಅವಳ್ಗೂ ಗೊತ್ತಾಗಲ್ಲ, ಬುಡಿ.”

ಎಲ್ಲರೂ ನಕ್ಕರು. ನನಗೆ ಹೂ ಮುಡಿಸಿಯೇ ಹೋದರು. ಅವ್ವ ಕಂಬ ಹಿಡಿದುಕೊಂಡು ಸಮಾಧಾನವಾಗುವಷ್ಟು ಅತ್ತಳು. ನನಗೆ ಮಾತ್ರ ರಾತ್ರಿಯೆಲ್ಲ ಒಂದೇ ಮಗ್ಗುಲಲ್ಲಿ ಮಲಗಲಾಗಲಿಲ್ಲ. ಅವಳಿಗೂ ಗೊತ್ತಾಗಲ್ಲ ಅಂದರಲ್ಲ, ಆ ಮಾತು ಚುಚ್ಚುತ್ತಿತ್ತು. ಹಾಗಾದರೆ ನನ್ನ ಮೂಗೂ ಅವರ ಮನೆಯದಾಗಿಬಿಡುತ್ತದಾ?

ಹಾಗೇ ಆಯಿತು. ಗಂಡನ ಮನೆಯ ಆಲೂಗಡ್ಡೆ ವಾಸನೆ ಯಾವಾಗ ಮರೆತುಹೋಯಿತೋ ನೆನಪಿಲ್ಲ. ಮುಂದಿನ ಕೊಯ್ಲಿಗೆ ತವರಿಗೆ ಬಂದೆವು. ತೋಟದ ದಾರಿಯಲ್ಲೇ ಆ ಹುಳಿನಾತ ಮುಖಕ್ಕೆ ಬಡಿಯಿತು. ಗಂಡ ಮೂಗಿಗೆ ಟವೆಲ್ ಹಿಡಿದ. ನಾನು ಓಡಿದೆ. ಅಂಗಳದಲ್ಲಿದ್ದ ಅವ್ವ, “ದೂರ ಇರೇ, ನಾರ್ತೀನಿ,” ಎಂದು ಹಿಂದೆ ಸರಿದಳು.

ನಾನು ಬಿಡಲಿಲ್ಲ. ಅವಳ ತುರುಬಿಗೆ ಮುಖವಿಟ್ಟು ಆತುರಾತುರವಾಗಿ ಉಸಿರೆಳೆದುಕೊಂಡೆ. ಸಂಜೆಯಾದರೆ ಅದು ನನಗೆ ಸಿಗುವುದಿಲ್ಲವೆಂದು ಗೊತ್ತಿತ್ತು.